ಮೂರು ಕಡೆ ಕೆಂಪು ಇಂಕು: ‘ಮೂಲ ಎಲ್ಲಿ?’

ಪ್ರಶ್ನೆ: ಮೇಡಂ, ನಾವು ಆಲೂರು ತಾಲ್ಲೂಕಿನವರು. ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ. ಮಗಳು ಸೆಕೆಂಡ್ ಪಿಯುಸಿ ಆರ್ಟ್ಸ್‌ನಲ್ಲಿ ಶೇ 93 ತೆಗೆದಳು, ಊರಲ್ಲೆಲ್ಲ ಹೆಸರಾಯಿತು. ಈ ವರ್ಷ ಹಾಸನದಲ್ಲಿ ಬಿ.ಎ. ಸೇರಿ ಹಾಸ್ಟೆಲಿನಲ್ಲಿದ್ದಾಳೆ. ಮೊದಲ ಸೆಮಿಸ್ಟರಿನಲ್ಲೇ ‘ನಿಮ್ಮ ತಾಲ್ಲೂಕಿನ ಒಂದು ಸಮಸ್ಯೆ’ ಅಂತ ಹತ್ತು ಪುಟದ ಅಸೈನ್‌ಮೆಂಟ್ ಕೊಟ್ಟರಂತೆ. ಕಾಡಾನೆ ಹಾವಳಿ ಬಗ್ಗೆ ಬರೆಯುತ್ತೇನೆ ಅಂದಳು. ನಮಗೂ ಸರಿ ಅನ್ನಿಸಿತು. ಹೋದ ವರ್ಷ ಭತ್ತ ಕೊಯ್ಲಿಗೆ ಬಂದಾಗ ನಮ್ಮ ಗದ್ದೆಗೇ ನುಗ್ಗಿದ್ದವು, ಅರ್ಜಿ ಕೊಟ್ಟು ಓಡಾಡಿದ್ದೆವು. ಮೊಬೈಲ್ ನೋಡಿಕೊಂಡು ಎರಡು ರಾತ್ರಿ ಕೂತು ಅಂದವಾಗಿ ಬರೆದುಕೊಂಡು ಹೋದಳು. ಮೇಷ್ಟ್ರು ಮೂರು ಕಡೆ ಕೆಂಪು ಇಂಕಿನಲ್ಲಿ ‘ಮೂಲ ಎಲ್ಲಿ?’ ಎಂದು ಬರೆದು ವಾಪಸ್ ಕೊಟ್ಟಿದ್ದಾರೆ. ಎರಡನೇ ಸಲ ಚಾಟ್‌ಜಿಪಿಟಿ ಕೇಳಿ ಕೊನೆಯಲ್ಲಿ ಆರು ಪುಸ್ತಕದ ಹೆಸರು ಹಾಕಿದಳು. ಅದರಲ್ಲಿ ನಾಲ್ಕು ಪುಸ್ತಕ ಲೋಕದಲ್ಲೇ ಇಲ್ಲ ಅಂದರಂತೆ. ಲೈಬ್ರರಿಗೆ ಹೋಗಿ ಕೇಳು ಅಂದರೆ, ‘ಏನು ಕೇಳಬೇಕು ಅಂತಲೇ ಗೊತ್ತಾಗಲ್ಲ’ ಅಂತಾಳೆ. ಕನ್ನಡ ಮೀಡಿಯಂ ಓದಿಸಿದ್ದಕ್ಕೆ ಹೀಗಾಯಿತೇ? ಸಾಲ ಮಾಡಿಯಾದರೂ ಲ್ಯಾಪ್‌ಟಾಪ್ ಕೊಡಿಸಬೇಕೇ? ದುಡ್ಡು ತಗೊಂಡು ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಗಳಿವೆ ಎಂದು ಅವಳ ಗೆಳತಿಯರು ಹೇಳಿದ್ದಾರೆ. ಓದು ಬಿಟ್ಟು ಬರುತ್ತೇನೆ ಅಂತ ಫೋನಿನಲ್ಲಿ ಅಳುತ್ತಾಳೆ. ಏನು ಮಾಡಲಿ?

ಉತ್ತರ: ಆ ಕೆಂಪು ಇಂಕಿನಿಂದಲೇ ಶುರು ಮಾಡುತ್ತೇನೆ. ನೀವು ಅದನ್ನು ಅವಮಾನ ಅಂದುಕೊಂಡಿದ್ದೀರಿ. ನನಗೆ ಮಾತ್ರ ಆ ಮೇಷ್ಟ್ರ ಮೇಲೆ ಗೌರವ ಬಂತು. ಅರವತ್ತು, ಎಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಅಸೈನ್‌ಮೆಂಟ್ ಅನ್ನುವುದು ಎಷ್ಟೋ ಕಡೆ ತೂಕಕ್ಕೆ ಹಾಕುವ ವಸ್ತು. ಮೊದಲ ಪುಟದ ಸ್ಕೆಚ್ ಪೆನ್ ಬಾರ್ಡರ್ ನೋಡಿ, ಕೊನೆಯ ಪುಟಕ್ಕೊಂದು ಟಿಕ್ ಹಾಕಿ, ಐಎ (ಇಂಟರ್ನಲ್) ಮಾರ್ಕ್ಸ್ ತುಂಬಿ ಕಟ್ಟು ಕಟ್ಟಿ ಬೀರುವಿಗೆ ಎಸೆಯುತ್ತಾರೆ. ಮೂರು ಬೇರೆ ಬೇರೆ ಜಾಗದಲ್ಲಿ ‘ಮೂಲ ಎಲ್ಲಿ?’ ಎಂದು ಬರೆಯಬೇಕಾದರೆ ಅವರು ಹತ್ತೂ ಪುಟ ಓದಿರಬೇಕು. ಎರಡನೇ ಸಲ ಆ ಆರು ಪುಸ್ತಕಗಳನ್ನು ಹುಡುಕಿಯೂ ನೋಡಿದ್ದಾರೆ. ಇಂಥವರು ಮೊದಲ ಸೆಮಿಸ್ಟರಿನಲ್ಲೇ ಸಿಕ್ಕಿದ್ದು ನಿಮ್ಮ ಮಗಳ ಪುಣ್ಯ. ಅವರು ಅವಳನ್ನು ಫೇಲು ಮಾಡಿಲ್ಲ, ವಾಪಸ್ ಕೊಟ್ಟಿದ್ದಾರೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ನೀವು ಕೇಳಿರುವುದು ಮೂರು ನಾಲ್ಕು ಪ್ರಶ್ನೆ, ಒಳಗಿರುವ ಭಯ ಒಂದೇ: 93 ತೆಗೆದ ಹುಡುಗಿಗೆ ನಿಜವಾಗಿ ಏನೂ ಬರುವುದಿಲ್ಲವೇ? ಡಿಗ್ರಿ ಕಾಲೇಜಿನ ಲೈಬ್ರರಿ ಕೌಂಟರಿನ ಹಿಂದೆ ಕೂತು ನನಗೆ ಇಪ್ಪತ್ತ ನಾಲ್ಕು ವರ್ಷವಾಯಿತು. ಪ್ರತಿ ವರ್ಷ ಈ ಭಯದ ಮುಖವನ್ನು ನೋಡುತ್ತೇನೆ. ಹೆಚ್ಚಾಗಿ ಚೆನ್ನಾಗಿ ಮಾರ್ಕ್ಸ್ ತೆಗೆದವರಲ್ಲೇ. ಮಾರ್ಕ್ಸ್ ಕಡಿಮೆ ಬಂದವರಿಗೆ ‘ಗೊತ್ತಿಲ್ಲ’ ಅನ್ನುವುದು ಅಭ್ಯಾಸವಾಗಿರುತ್ತದೆ, ಹಲ್ಲು ಕಿರಿದುಕೊಂಡು ಬಂದು ಕೇಳುತ್ತಾರೆ. 93 ತೆಗೆದವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ.

ಪಿಯುಸಿಯಲ್ಲಿ ಅವಳು ಕಲಿತದ್ದು ಸುಳ್ಳಲ್ಲ. ಅಲ್ಲಿ ಪ್ರಶ್ನೆಯೂ ಪಠ್ಯಪುಸ್ತಕದಲ್ಲಿದೆ, ಉತ್ತರವೂ ಅಲ್ಲೇ ಇದೆ. ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ಬ್ಲೂಪ್ರಿಂಟ್ ಕೈಯಲ್ಲಿದೆ, ಹಳೆಯ ಕ್ವೆಶ್ಚನ್ ಪೇಪರ್ ಇದೆ, ಗೈಡ್ ಇದೆ. ಇರುವ ಉತ್ತರವನ್ನು ನೆನಪಿಟ್ಟು ಮೂರು ಗಂಟೆಯಲ್ಲಿ ಅಂದವಾಗಿ ಇಳಿಸುವುದು ಒಂದು ವಿದ್ಯೆ, ಅದರಲ್ಲಿ ಅವಳು ಗಟ್ಟಿ. ಡಿಗ್ರಿಗೆ ಬಂದ ದಿನ ಆಟವೇ ಬೇರೆ. ‘ನಿಮ್ಮ ತಾಲ್ಲೂಕಿನ ಒಂದು ಸಮಸ್ಯೆ’ ಎಂದರೆ ಅದಕ್ಕೆ ಪಾಠವಿಲ್ಲ, ಪುಟವಿಲ್ಲ, ಉತ್ತರವೂ ಯಾರ ಬಳಿಯೂ ಸಿದ್ಧವಿಲ್ಲ. ಮೊದಲು ಪ್ರಶ್ನೆಯನ್ನೇ ತಾನು ಮಾಡಿಕೊಳ್ಳಬೇಕು. ಪರೀಕ್ಷೆ ಮುಗಿದು ಕಾಲೇಜು ಸೇರುವ ಆ ಎರಡು ಮೂರು ತಿಂಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಎಷ್ಟೋ ಪಿಯು ಕಾಲೇಜುಗಳಲ್ಲಿ ಲೈಬ್ರರಿ ಎಂದರೆ ಬೀಗ ಹಾಕಿದ ಎರಡು ಬೀರು. ಕೀ ಯಾರೋ ಉಪನ್ಯಾಸಕರ ಬಳಿ, ಅವರಿಗೆ ನೂರೆಂಟು ಕೆಲಸ.

ನಮ್ಮ ತಪ್ಪೂ ಇದೆ, ಹೇಳಿಬಿಡುತ್ತೇನೆ. ಹೊಸ ಮಕ್ಕಳನ್ನು ಓರಿಯೆಂಟೇಷನ್ ದಿನ ಸಾಲಾಗಿ ಲೈಬ್ರರಿಯೊಳಗೆ ಕರೆತರುತ್ತಾರೆ, ಇಪ್ಪತ್ತು ನಿಮಿಷ. ನಾನು ಎಷ್ಟೋ ವರ್ಷ ಅವರಿಗೆ ಮೊದಲು ಹೇಳುತ್ತಿದ್ದದ್ದು ಏನು ಗೊತ್ತೇ? ಬ್ಯಾಗ್ ಹೊರಗಿಡಿ, ಗೇಟ್ ರಿಜಿಸ್ಟರಿನಲ್ಲಿ ಸಹಿ ಮಾಡಿ, ಪುಸ್ತಕ ತಡವಾಗಿ ತಂದರೆ ದಿನಕ್ಕಿಷ್ಟು ಫೈನು, ಕಳೆದರೆ ನೋ ಡ್ಯೂ (ಬಾಕಿ ಇಲ್ಲ ಎಂಬ ಪತ್ರ) ಸಿಗಲ್ಲ. ಹುಡುಕುವುದು ಹೇಗೆ ಅನ್ನುವುದಕ್ಕೆ ಸಮಯವೇ ಉಳಿಯುತ್ತಿರಲಿಲ್ಲ. ಆಮೇಲೆ ಆ ಮಕ್ಕಳು ಲೈಬ್ರರಿಗೆ ಬರಲು ಹೆದರುತ್ತಾರೆ ಎಂದು ನಾವೇ ದೂರುತ್ತಿದ್ದೆವು.

ಆ ಹೆದರಿಕೆ ನಿಮ್ಮ ಮಗಳೊಬ್ಬಳದಲ್ಲ, ನಮ್ಮ ಜಿಲ್ಲೆಯದೂ ಅಲ್ಲ. ಅಮೆರಿಕದ ಕಾನ್‌ಸ್ಟನ್ಸ್ ಮೆಲನ್ ಎಂಬುವರು 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ವಿಶ್ವವಿದ್ಯಾಲಯದ ಸುಮಾರು 6,000 ವಿದ್ಯಾರ್ಥಿಗಳು ಬರೆದದ್ದನ್ನು ಓದಿ ನೋಡಿದಾಗ, ಲೈಬ್ರರಿಯಲ್ಲಿ ಮೊದಲ ಸಲ ಸಂಶೋಧನೆಗೆ ಕೂತಾಗ ಏನನ್ನಿಸಿತು ಎಂಬುದಕ್ಕೆ ನೂರಕ್ಕೆ 75ರಿಂದ 85 ಮಂದಿ ಬಳಸಿದ್ದು ಭಯದ ಮಾತುಗಳನ್ನೇ. ಉಳಿದವರಿಗೆಲ್ಲ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ, ಕೇಳಿದರೆ ಅದು ಬಯಲಾಗುತ್ತದೆ ಅನ್ನುವ ಭಯ. ‘ಏನು ಕೇಳಬೇಕು ಅಂತಲೇ ಗೊತ್ತಾಗಲ್ಲ’ ಎಂದು ನಿಮ್ಮ ಮಗಳು ಅಂದದ್ದು ಅದನ್ನೇ.

ಇನ್ನು ಕನ್ನಡ ಮೀಡಿಯಂ ವಿಚಾರ. ಇಂಗ್ಲಿಷ್ ಬಾರದಿದ್ದರೆ ತೊಂದರೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಂಶೋಧನಾ ಪತ್ರಿಕೆಗಳು ಬಹುಪಾಲು ಇಂಗ್ಲಿಷಿನಲ್ಲೇ ಇವೆ, ಮುಂದೆ ಅವುಗಳನ್ನು ನಿಧಾನವಾಗಿಯಾದರೂ ಓದುವುದನ್ನು ಅವಳು ಕಲಿಯಲೇಬೇಕು. ಆದರೆ ಮೂಲ ತೋರಿಸದೆ ಬರೆಯುವುದಕ್ಕೂ ಮಾಧ್ಯಮಕ್ಕೂ ಸಂಬಂಧವಿಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳೂ ಅಷ್ಟೇ ಕಾಪಿ ಹೊಡೆಯುತ್ತಾರೆ. ಅವರ ಕಾಪಿ ನೋಡಲು ಚೆನ್ನಾಗಿರುತ್ತದೆ, ಅಷ್ಟೇ.

ಅವಳು ತೆಗೆದುಕೊಂಡ ವಿಷಯದಲ್ಲಂತೂ ಕನ್ನಡವೇ ಅನುಕೂಲ. ನಮ್ಮ ಶಾಸಕರು ವಿಧಾನಸಭೆ, ವಿಧಾನ ಪರಿಷತ್ತಿನಲ್ಲಿ ಕೇಳುವ ಚುಕ್ಕೆ ಗುರುತಿನ ಮತ್ತು ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಮಂತ್ರಿಗಳು ಕೊಡುವ ಲಿಖಿತ ಉತ್ತರಗಳು ಕನ್ನಡದಲ್ಲೇ ಇರುತ್ತವೆ, ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ. ಎಷ್ಟು ಅರ್ಜಿ ಬಂತು, ಎಷ್ಟು ಪರಿಹಾರ ಕೊಟ್ಟರು ಎಂದು ಅನುಬಂಧದಲ್ಲಿ ಪಟ್ಟಿ ಹಾಕಿರುವುದೂ ಉಂಟು. ಬೆಂಗಳೂರಿನ ಇಂಗ್ಲಿಷ್ ಹುಡುಗರಿಗೆ ಅವು ಕಬ್ಬಿಣದ ಕಡಲೆ. ನಿಮ್ಮ ಮಗಳು ನೀರು ಕುಡಿದ ಹಾಗೆ ಓದಬಲ್ಲಳು. ಒಂದೇ ತೊಡಕು: ಸ್ಕ್ಯಾನ್ ಮಾಡಿದ ಕಾಗದವೋ ಹಳೆಯ ನುಡಿ ಫಾಂಟಿನ ಕಡತವೋ ಆದರೆ ಗೂಗಲ್‌ನಲ್ಲಿ ಯೂನಿಕೋಡ್ (ಮೊಬೈಲಿನಲ್ಲಿ ಈಗ ಬಳಸುವ ಅಕ್ಷರ ಪದ್ಧತಿ) ಕನ್ನಡ ಟೈಪಿಸಿ ಹುಡುಕಿದಾಗ ಅದು ಬಾರದೆ ಹೋಗಬಹುದು. ಅಧಿವೇಶನದ ದಿನಾಂಕ ನೋಡಿ ಒಂದೊಂದೇ ತೆರೆಯಬೇಕು. ಗೂಗಲ್‌ನಲ್ಲಿ ಬರಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ.

ಯಾವ ಹೆಸರಿನಲ್ಲಿ ಹುಡುಕಬೇಕು ಎಂಬಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹುಡುಕಾಟ ಅರ್ಧ ಸೋಲುವುದು ಇಲ್ಲೇ. ನಾನು ಲೈಬ್ರರಿ ಸೈನ್ಸ್ ಓದುವಾಗ ಚಿಕ್ಕಮಗಳೂರಿನ ಹಳೆಯ ದಾಖಲೆ ಬೇಕೆಂದು ಒಂದು ದೊಡ್ಡ ಗ್ರಂಥಾಲಯದ ಕಾರ್ಡ್ ಕ್ಯಾಟಲಾಗ್ ಮುಂದೆ ಅರ್ಧ ದಿನ ನಿಂತಿದ್ದೆ. ‘ಚಿಕ್ಕಮಗಳೂರು’ ಡ್ರಾಯರ್ ಪೂರ್ತಿ ತಿರುವಿದರೂ ಏನೂ ಇಲ್ಲ. ಕಸ ಗುಡಿಸುತ್ತಿದ್ದ ವಯಸ್ಸಾದ ಅಟೆಂಡರ್ ಒಬ್ಬರು ಪೊರಕೆ ಗೋಡೆಗೆ ಆನಿಸಿ, ‘ಕಡೂರು ಅಂತ ನೋಡಿದ್ರಾ ಅಮ್ಮಾ?’ ಎಂದರು. 1947ರವರೆಗೂ ಆ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಆ ಡ್ರಾಯರಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಹಾಗೆಯೇ ಸಕಲೇಶಪುರ ಹಳೆಯ ಕಾಗದಗಳಲ್ಲಿ ಮಂಜರಾಬಾದ್.

ನಿಮ್ಮ ಮಗಳು ‘ಕಾಡಾನೆ ಹಾವಳಿ’ ಎಂದು ಹುಡುಕಿದರೆ ಸಿಗುವುದು ಪತ್ರಿಕೆಯ ಸುದ್ದಿ. ‘ಮಾನವ-ಆನೆ ಸಂಘರ್ಷ’ ಎಂದು ಹಾಕಿದರೆ ಸಂಶೋಧನೆ ಮಾಡಿದವರ ಬರಹ ಸಿಗುತ್ತದೆ. ‘ಬೆಳೆ ಹಾನಿ ಪರಿಹಾರ’, ‘ದಯಾತ್ಮಕ ಧನ’ ಎಂದು ಹಾಕಿದರೆ ಅರಣ್ಯ ಇಲಾಖೆಯ ಕಾಗದಗಳು ಬರುತ್ತವೆ. ನಾವು ಊರಲ್ಲಿ ಪರಿಹಾರ ಅನ್ನುವುದಕ್ಕೆ ಇಲಾಖೆಯಲ್ಲಿ ದಯಾತ್ಮಕ ಧನ ಅನ್ನುವುದುಂಟು. ಕೊಡುವುದು ಹಕ್ಕೋ ದಯೆಯೋ ಎಂಬುದನ್ನೇ ಬೇಕಾದರೆ ಅವಳು ಎರಡು ಪುಟ ಬರೆಯಬಹುದು.

ಈಗ ‘ಏನು ಕೇಳಬೇಕು’ ಎಂಬ ಪ್ರಶ್ನೆ. ಕೆಲವು ವರ್ಷದ ಹಿಂದೆ ಸಕಲೇಶಪುರ ಕಡೆಯ ಹುಡುಗನೊಬ್ಬ ಕೌಂಟರಿಗೆ ಬಂದ.

‘ಮೇಡಂ, ಆನೆ ಬುಕ್ ಇದೆಯಾ?’

‘ಆನೆ ಬಗ್ಗೆ ಏನು ಬೇಕಪ್ಪಾ? ಏನು ತಿನ್ನುತ್ತೆ, ಎಷ್ಟು ವರ್ಷ ಬದುಕುತ್ತೆ ಅಂತಲಾ?’

‘ಅಲ್ಲ ಮೇಡಂ. ಹಾವಳಿ.’

‘ಎಲ್ಲಿ?’

‘ಎಲ್ಲಾ ಕಡೆ.’

‘ನಿಮ್ಮೂರಿಗೆ ಬಂದಿದ್ವಾ?’

ಅಲ್ಲಿಯವರೆಗೂ ನೆಲ ನೋಡುತ್ತಿದ್ದವನು ತಲೆ ಎತ್ತಿದ. ‘ಬಂದಿದ್ವು ಮೇಡಂ. ಬಾಳೆ ಪೂರ್ತಿ ಹೋಯ್ತು. ನಮಗೆ ದುಡ್ಡು ಬಂತು, ಪಕ್ಕದ ತೋಟದೋರಿಗೆ ಬರಲಿಲ್ಲ.’

‘ಯಾಕೆ ಬರಲಿಲ್ಲ?’

‘ಗೊತ್ತಿಲ್ಲ.’

‘ಹಂಗಾದ್ರೆ ಅದನ್ನೇ ಬರಿ.’

ಅವನು ಬಂದಾಗ ಕೈಯಲ್ಲಿದ್ದದ್ದು ಒಂದು ವಿಷಯ. ಹೋಗುವಾಗ ಒಂದು ಪ್ರಶ್ನೆ ಇತ್ತು. ಒಂದೇ ಹಾನಿಗೆ ಒಬ್ಬರಿಗೆ ಪರಿಹಾರ ಬಂದು ಇನ್ನೊಬ್ಬರಿಗೆ ಯಾಕೆ ಬರಲಿಲ್ಲ? ಇದಕ್ಕೆ ಹತ್ತು ಪುಟ ಸಾಲದು. ‘ಕಾಡಾನೆ ಹಾವಳಿ’ ಎಂಬುದಕ್ಕೆ ಮಾತ್ರ ಎಷ್ಟು ಪುಟ ಬರೆದರೂ ‘ಆನೆಯು ಒಂದು ಸಸ್ಯಾಹಾರಿ ಪ್ರಾಣಿ’ಯಿಂದ ಶುರುವಾಗಿ ‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂದು ಮುಗಿಯುತ್ತದೆ. ಲೈಬ್ರರಿಯವರ ಕೆಲಸ ಪುಸ್ತಕ ಎತ್ತಿ ಕೊಡುವುದು ಎಂದು ಜನ ತಿಳಿದಿದ್ದಾರೆ. ಆ ಐದು ನಿಮಿಷದ ಮಾತುಕತೆಯೇ ನಮ್ಮ ನಿಜವಾದ ಕೆಲಸ. ಅದಕ್ಕೆ ವಿದ್ಯಾರ್ಥಿ ಸಿದ್ಧ ಪ್ರಶ್ನೆ ಹೊತ್ತು ಬರಬೇಕಾಗಿಲ್ಲ. ನಿಮ್ಮ ಮಗಳು ಇಷ್ಟು ಹೇಳಿದರೆ ಸಾಕು: ‘ಮೇಡಂ, ನನಗೆ ಇದನ್ನು ಬರೆಯೋಕೆ ಹೇಳಿದ್ದಾರೆ, ನನಗೆ ಇಷ್ಟು ಗೊತ್ತು, ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ.’ ವಾಪಸ್ ಬಂದ ಅಸೈನ್‌ಮೆಂಟನ್ನೇ, ಕೆಂಪು ಇಂಕಿನ ಸಮೇತ, ತೆಗೆದುಕೊಂಡು ಹೋಗಲಿ. ಅದಕ್ಕಿಂತ ಒಳ್ಳೆಯ ಚೀಟಿ ಬೇಡ.

ಯಾವಾಗ ಹೋಗಬೇಕು ಅನ್ನುವುದೂ ಮುಖ್ಯ. ಮಧ್ಯಾಹ್ನದ ಬಿಡುವಿನಲ್ಲಿ, ಇಂಟರ್ನಲ್ಸ್ ಹಿಂದಿನ ವಾರ, ನೋ ಡ್ಯೂ ಸಮಯದಲ್ಲಿ ಕೌಂಟರಿನಲ್ಲಿ ಉಸಿರಾಡಲು ಆಗುವುದಿಲ್ಲ. ಆಗ ಹೋದರೆ ಯಾರಾದರೂ ಸಿಡುಕುತ್ತಾರೆ, ನಾನೂ ಸಿಡುಕಿದ್ದೇನೆ. ಮಧ್ಯಾಹ್ನ ಎರಡೂವರೆಯ ಮೇಲೆ ಹೋಗಲಿ. ‘ಡಿಸ್ಟರ್ಬ್ ಮಾಡ್ತಿದ್ದೀನಿ, ಸಾರಿ’ ಎಂದು ಶುರು ಮಾಡುವುದು ಬೇಡ. ಈ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸು ಎಂಬುದು. ನಮ್ಮ ಸಮಯ ಉಳಿಸಿ ಎಂದು ಅವರು ಎಲ್ಲೂ ಹೇಳಿಲ್ಲ.

ಒಂದು ವಿಷಯದ ಪುಸ್ತಕವೆಲ್ಲ ಒಂದೇ ರ‍್ಯಾಕಿನಲ್ಲಿರುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜೋಡಿಸಿದ ಲೈಬ್ರರಿಯಾದರೆ ಆನೆ ಎಂಬ ಪ್ರಾಣಿ 599.67ರಲ್ಲಿ ಇರುತ್ತದೆ, ವನ್ಯಜೀವಿ ಸಂರಕ್ಷಣೆ 333.95ರಲ್ಲಿ, ಬೆಳೆಗೆ ಬರುವ ರೋಗ, ಕೀಟ, ಹಾನಿಯೆಲ್ಲ 632ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ. ನಾಲ್ಕೂ ಬೇರೆ ಬೇರೆ ಸಾಲು. 599ರ ಮುಂದೆ ನಿಂತು ‘ನಮ್ಮ ಲೈಬ್ರರಿಯಲ್ಲಿ ಏನೂ ಇಲ್ಲ’ ಎಂದು ಹೊರಟು ಹೋದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಮೇಷ್ಟ್ರು ‘ಮೂಲ ಎಲ್ಲಿ?’ ಎಂದು ಹಟ ಹಿಡಿಯುವುದು ಯಾಕೆ ಎಂಬುದಕ್ಕೆ ಅವಳ ವಿಷಯದಿಂದಲೇ ಒಂದು ಉದಾಹರಣೆ. ಕರ್ನಾಟಕದಲ್ಲಿ ಆನೆಗಳೆಷ್ಟು? ಮೊಬೈಲ್‌ನಲ್ಲಿ ಕೇಳಿದರೆ ಒಂದು ಕಡೆ 6,395 ಎಂದಿರುತ್ತದೆ, ಇನ್ನೊಂದು ಕಡೆ 6,013. ಎರಡನ್ನೂ ಅಕ್ಕಪಕ್ಕ ಇಟ್ಟು, ‘ಎರಡೇ ವರ್ಷದಲ್ಲಿ 382 ಆನೆಗಳು ಕಡಿಮೆಯಾದವು’ ಎಂದು ಬರೆಯುವುದು ಬಹಳ ಸುಲಭ. ಓದುವವರಿಗೂ ರೋಮಾಂಚನ. ಆದರೆ ಮೊದಲನೆಯದು 2023ರಲ್ಲಿ ನಮ್ಮ ಅರಣ್ಯ ಇಲಾಖೆ ಕಾಡಿನ ಬ್ಲಾಕ್‌ಗಳಲ್ಲಿ ನಡೆದು ಕಣ್ಣಾರೆ ಎಣಿಸಿ, ಲದ್ದಿಯ ಲೆಕ್ಕ ಹಿಡಿದು ಮಾಡಿದ ಅಂದಾಜು. ಎರಡನೆಯದು 2025ರಲ್ಲಿ ಹೊರಬಂದ ದೇಶಮಟ್ಟದ ವರದಿಯದು. ಅಲ್ಲಿ ಲದ್ದಿಯ ಡಿಎನ್‌ಎ ಪರೀಕ್ಷಿಸಿ, ಒಂದೊಂದು ಆನೆಯನ್ನೂ ಬೇರೆಯಾಗಿ ಗುರುತಿಸಿ ಅಂದಾಜು ಮಾಡಿದ್ದಾರೆ. ಒಂದನ್ನು ಸೇರಿನಲ್ಲಿ ಅಳೆದದ್ದು, ಇನ್ನೊಂದನ್ನು ತಕ್ಕಡಿಯಲ್ಲಿ ತೂಗಿದ್ದು. ಕಳೆದು ವ್ಯತ್ಯಾಸ ತೆಗೆಯುವಂತಿಲ್ಲ. ಯಾರು ಹೇಳಿದರು, ಯಾವಾಗ ಹೇಳಿದರು, ಹೇಗೆ ಎಣಿಸಿದರು ಎಂದು ಬರೆದುಕೊಂಡಿದ್ದರೆ ಈ ಗುಂಡಿಗೆ ಬೀಳುತ್ತಿರಲಿಲ್ಲ. ಮೂಲ ಕೇಳುವುದು ಮೇಷ್ಟ್ರ ಶಿಸ್ತಿಗಲ್ಲ, ಇದಕ್ಕೆ.

ಹಾಗಾಗಿ ನಾನು ಮಕ್ಕಳಿಗೆ ಹೇಳಿಕೊಡುವುದು ಚೀಟಿ ಪದ್ಧತಿ. ಹಳೆಯ ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ಭಾಗ ಮಾಡಿ, ಒಂದು ಚೀಟಿಗೆ ಒಂದೇ ಮಾತು ಬರೆದುಕೊಳ್ಳುವುದು. ಕೆಳಗೆ ಯಾರು, ಯಾವಾಗ, ಯಾವ ಪುಟ ಅಥವಾ ಯಾವ ಜಾಲತಾಣ, ನೋಡಿದ ದಿನಾಂಕ. ಪುಸ್ತಕದ ಮಾತನ್ನು ಹಾಗೆಯೇ ಇಳಿಸಿದ್ದರೆ ಉದ್ಧರಣ ಚಿಹ್ನೆ, ತನ್ನ ಮಾತಿನಲ್ಲಿ ಬರೆದಿದ್ದರೆ ಚಿಹ್ನೆ ಬೇಡ. ಮೂವತ್ತು ನಲವತ್ತು ಚೀಟಿಯಾದಾಗ ಹಾಸ್ಟೆಲಿನ ಮಂಚದ ಮೇಲೆ ಹರಡಿ ಹಿಂದುಮುಂದು ಮಾಡಿದರೆ ಅಸೈನ್‌ಮೆಂಟಿನ ಆಕಾರ ತಾನೇ ಕಾಣುತ್ತದೆ. ಬರೆದು ಮುಗಿಸಿದ ಮೇಲೆ ಮೂಲ ಹುಡುಕಲು ಹೊರಟರೆ ಆಗುವುದೇ ಅವಳಿಗೆ ಎರಡನೇ ಸಲ ಆದದ್ದು.

ಆ ನಾಲ್ಕು ಇಲ್ಲದ ಪುಸ್ತಕಗಳ ಕಥೆ ಹೀಗೆ: ಚಾಟ್‌ಜಿಪಿಟಿಯಂಥವು ನಮ್ಮ ಕ್ಯಾಟಲಾಗ್ ತೆರೆದು ನೋಡಿ ಉತ್ತರ ಕೊಡುತ್ತವೆ ಎಂದು ಅವಳು ತಿಳಿದಳು. ಅವು ಮೂಲದಲ್ಲಿ ಮಾಡುವುದು ಯಾವ ಪದದ ಪಕ್ಕ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ನೋಡಿ ವಾಕ್ಯ ಕಟ್ಟುವುದನ್ನು. ಪುಸ್ತಕದ ಹೆಸರಿನ ಥರ ಕೇಳುವ ಹೆಸರು, ಲೇಖಕರ ಥರ ಕೇಳುವ ಹೆಸರು, ಪಕ್ಕದಲ್ಲೊಂದು ಇಸವಿ. ಸುಳ್ಳು ಹೇಳುವ ಉದ್ದೇಶವಿಲ್ಲ, ನಿಜ ಹೇಳುವ ಹೊಣೆಯೂ ಇಲ್ಲ. ಈಚೆಗೆ ಕೆಲವು ಅಂತರ್ಜಾಲವನ್ನು ಹುಡುಕಿ ಕೊಂಡಿ ಕೊಡುತ್ತವೆ. ಆ ಕೊಂಡಿ ತೆರೆದು ಓದದಿದ್ದರೆ ಅದೂ ಅಷ್ಟೇ. ಮುಟ್ಟಲೇಬೇಡ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ‘ಈ ವಿಷಯಕ್ಕೆ ಬೇರೆ ಯಾವ ಯಾವ ಹೆಸರುಗಳಿವೆ’, ‘ಈ ಇಂಗ್ಲಿಷ್ ಪ್ಯಾರಾ ನನಗೆ ಅರ್ಥ ಮಾಡಿಸು’ ಎಂದು ಕೇಳಲಿ. ‘ರೆಫರೆನ್ಸ್ ಕೊಡು’ ಎಂದು ಕೇಳುವುದು ಬೇಡ. ಕೈಯಲ್ಲಿ ಹಿಡಿಯದ ಪುಸ್ತಕ, ಕಣ್ಣಲ್ಲಿ ನೋಡದ ಪುಟ ಕೊನೆಯ ಪಟ್ಟಿಗೆ ಹೋಗಬಾರದು. ಮತ್ತೆ, ಮೇಷ್ಟ್ರು ಅದನ್ನು ಬಳಸಲೇಬಾರದು ಎಂದಿದ್ದರೆ ನನ್ನ ಮಾತು ಲೆಕ್ಕಕ್ಕಿಲ್ಲ, ಅವರ ಮಾತೇ ಸರಿ.

ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿ ಬೇಡವೇ ಬೇಡ. ಅದು ಮೋಸ ಅನ್ನುವುದು ಒಂದು. ಸಿಕ್ಕಿಬೀಳುವುದು ಖಂಡಿತ ಅನ್ನುವುದು ಇನ್ನೊಂದು. ಹಾಸನ ಜಿಲ್ಲೆಯ ಕೆರೆಗಳ ಬಗ್ಗೆ ಒಂದು ಪ್ರಾಜೆಕ್ಟ್ ನನ್ನ ಕೈಗೆ ಬಂದಿತ್ತು. ಗೋಲ್ಡನ್ ಅಕ್ಷರದ ರಟ್ಟು, ಒಳಗೆ ಬಣ್ಣದ ಗ್ರಾಫು. ಹದಿನೇಳನೇ ಪುಟದಲ್ಲಿ ‘ನಮ್ಮ ದಾವಣಗೆರೆ ಜಿಲ್ಲೆಯಲ್ಲಿ’ ಎಂದಿತ್ತು. ಊರ ಹೆಸರು ಬದಲಾಯಿಸುವಾಗ ಒಂದು ತಪ್ಪಿಸಿಕೊಂಡಿತ್ತು. ವೈವಾದಲ್ಲಿ (ಬಾಯಿ ಪರೀಕ್ಷೆಯಲ್ಲಿ) ಆ ಹುಡುಗನ ಸ್ಥಿತಿ ಬೇಡ.

ಇದರ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಹಾಸ್ಟೆಲುಗಳಲ್ಲಿ ಓಡಾಡುತ್ತದೆ: ‘ಶೇ 10ರಷ್ಟು ಕಾಪಿ ಮಾಡಬಹುದು, ಯುಜಿಸಿಯೇ ಬಿಟ್ಟಿದೆ.’ 2018ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದಿರುವುದು ನಿಜ. ಆದರೆ ಆ ನಿಯಮ ಸ್ನಾತಕೋತ್ತರ, ಸಂಶೋಧನಾ ಮಟ್ಟದ ಪ್ರಬಂಧಗಳಿಗೆ. ಅಸೈನ್‌ಮೆಂಟುಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಿಮ್ಮ ಮಗಳಿಗೆ ಅನ್ವಯಿಸುವುದು ಅವಳ ಕಾಲೇಜಿನ, ಅವಳ ಮೇಷ್ಟ್ರ ನಿಯಮ. ಮುಂದೆ ಎಂ.ಎ., ಪಿಎಚ್.ಡಿ. ಎಂದು ಹೋದರೆ ಶೇ 60 ಮೀರಿದ ಹೋಲಿಕೆಗೆ ನೋಂದಣಿಯೇ ರದ್ದಾಗುವುದುಂಟು. ಈಗಲೇ ಅಭ್ಯಾಸ ಸರಿಯಾದರೆ ಆಗ ಹೆದರುವುದಿಲ್ಲ.

ಲ್ಯಾಪ್‌ಟಾಪಿಗೆ ಈಗ ಸಾಲ ಬೇಡ. ಹುಡುಕಲು ಮೊಬೈಲ್ ಸಾಕು, ಟೈಪಿಸಲು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಸಾಕು. ಕೊನೆಯ ವರ್ಷದ ಹೊತ್ತಿಗೆ ಬೇಕಾದರೆ ನೋಡಿ.

ದುಡ್ಡು ಕೊಡದೆ ಸಿಗುವುದು ಬಹಳವಿದೆ. ಶೋಧಗಂಗಾ ಎಂಬ ಜಾಲತಾಣದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿವೆ, ಕನ್ನಡದವೂ ಇವೆ. ಇಡೀ ಪ್ರಬಂಧ ಓದಬೇಕಿಲ್ಲ. ಕೊನೆಯ ಗ್ರಂಥಋಣದ ಪುಟ ತೆಗೆದರೆ ಇನ್ನೊಬ್ಬರು ವರ್ಷಗಟ್ಟಲೆ ಹುಡುಕಿದ ಪಟ್ಟಿ ಕೂತಲ್ಲೇ ಸಿಗುತ್ತದೆ. ಐಐಟಿ ಖರಗಪುರದವರು ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಎಲ್ಲರಿಗೂ ಉಚಿತ. ಕಾಲೇಜಿಗೆ ಎನ್-ಲಿಸ್ಟ್ ಎಂಬ ಇ-ಪುಸ್ತಕ ಯೋಜನೆಯ ಸದಸ್ಯತ್ವವಿದ್ದರೆ ಅವನ್ನು ಓದಲು ಲೈಬ್ರರಿಯವರೇ ಯೂಸರ್‌ನೇಮ್ ಮಾಡಿಕೊಡುತ್ತಾರೆ. ಅದನ್ನು ಬಾಯಿಬಿಟ್ಟು ಕೇಳಬೇಕು, ಯಾರೂ ಕರೆದು ಕೊಡುವುದಿಲ್ಲ. ಅವಳ ವಿಷಯಕ್ಕೆ ಹೈಕೋರ್ಟ್ ನೇಮಿಸಿದ್ದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿ ಓದಲೇಬೇಕಾದದ್ದು. ಇಂಗ್ಲಿಷಿನಲ್ಲಿದೆ. ಆನೆ ಉಳಿಯಬೇಕಾದ ವಲಯ, ಜನರೊಂದಿಗೆ ಹೊಂದಿಕೊಂಡಿರಬಹುದಾದ ವಲಯ, ಆನೆಗಳನ್ನು ಹಿಡಿದು ತೆಗೆಯಬೇಕಾದ ವಲಯ ಎಂದು ಮೂರು ಭಾಗ ಮಾಡಿ, ನಿಮ್ಮ ಆಲೂರು ಕಡೆಯ ಬಗ್ಗೆಯೂ ಹೇಳಿದ್ದಾರೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಅರ್ಜಿ ಹಾಕಬಹುದು, ಆದರೆ ಉತ್ತರಕ್ಕೆ ಮೂವತ್ತು ದಿನ ಕಾಯಬೇಕು. ಈ ಸಲದ ಅಸೈನ್‌ಮೆಂಟಿಗೆ ತಡ, ಮುಂದಿನ ಪ್ರಾಜೆಕ್ಟಿಗೆ ಇಟ್ಟುಕೊಳ್ಳಲಿ.

ಕಾಲೇಜಿನಲ್ಲಿ ಲೈಬ್ರೇರಿಯನ್ ಹುದ್ದೆಯೇ ಖಾಲಿ ಇದ್ದರೆ? ಹಾಗೂ ಇದೆ, ಸುಳ್ಳು ಹೇಳುವುದಿಲ್ಲ. ಆಗ ಹಾಸನದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಲಿ. ಓದುವ ಹಾಲಿನಲ್ಲಿ ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುವವರೇ ತುಂಬಿರುತ್ತಾರೆ, ಅದನ್ನು ನೋಡಿ ಹಿಂದೆ ಬರುವುದು ಬೇಡ. ಹಳೆಯ ಪತ್ರಿಕೆಗಳ ಫೈಲ್ ಇದೆಯೇ ಎಂದು ಕೇಳಲಿ. 1965ರ ಕಾಯ್ದೆಯ ಪ್ರಕಾರ ನಿಮ್ಮ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಕೇಳುವುದಕ್ಕೆ ಸಂಕೋಚ ಯಾಕೆ?

ಇನ್ನೊಂದು ಮಾತು, ಇದು ನಿಮಗೆ, ಅವಳಿಗಲ್ಲ. ಅಮೆರಿಕದ ಕ್ಯಾರಲ್ ಕುಲ್ತೌ ಎಂಬ ವಿದ್ವಾಂಸೆ ಹೈಸ್ಕೂಲಿನ ಕೊನೆಯ ವರ್ಷದ ಬುದ್ಧಿವಂತ ಮಕ್ಕಳು ಪ್ರಬಂಧ ಬರೆಯುವುದನ್ನು ಹಂತಹಂತವಾಗಿ ಗಮನಿಸಿ, ಅವರಲ್ಲಿ ಕೆಲವರನ್ನು ಕಾಲೇಜು ಮುಗಿಯುವವರೆಗೂ ಹಿಂಬಾಲಿಸಿದರು. ಅವರು ಕಂಡದ್ದು ಇದು: ವಿಷಯ ಆರಿಸಿದಾಗ ಧೈರ್ಯ ಬರುತ್ತದೆ, ಓದಲು ಶುರು ಮಾಡಿದ ಮೇಲೆ ಅದು ಕುಸಿಯುತ್ತದೆ. ಓದಿದಷ್ಟೂ ಗೊಂದಲ ಹೆಚ್ಚು, ಒಂದು ಮೂಲ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ತನ್ನ ಪ್ರಶ್ನೆ ಸ್ಪಷ್ಟವಾದ ಮೇಲೆಯೇ ಮತ್ತೆ ಏರುವುದು. ಮೂರನೇ ಸಲ ಬರೆಯಲು ಕೂತಾಗ ನಡುವೆ ಒಂದು ರಾತ್ರಿ ಅವಳು ನಿಮಗೆ ಫೋನ್ ಮಾಡಿ ಮತ್ತೆ ಅಳಬಹುದು. ಕೆಲಸ ಕೆಟ್ಟಿದೆ ಎಂದುಕೊಳ್ಳಬೇಡಿ, ಅವಳು ಆಗ ಆ ಇಳಿಜಾರಿನಲ್ಲಿದ್ದಾಳೆ. ‘ಎಷ್ಟು ಪುಟ ಆಯ್ತು’ ಎಂದು ಕೇಳದೆ ‘ಏನು ಹುಡುಕ್ತಿದ್ದೀಯಾ’ ಎಂದು ಕೇಳಿ.

ಕೊನೆಗೆ ನಿಮ್ಮ ಪತ್ರದ ನಡುವೆ ಹಾಗೇ ದಾಟಿಸಿಬಿಟ್ಟ ಒಂದು ಸಾಲು. ಹೋದ ವರ್ಷ ನಿಮ್ಮ ಗದ್ದೆಗೇ ಆನೆ ನುಗ್ಗಿತ್ತು, ಅರ್ಜಿ ಕೊಟ್ಟು ಓಡಾಡಿದ್ದಿರಿ. ಮಗಳು ಎರಡು ರಾತ್ರಿ ಮೊಬೈಲ್ ನೋಡಿ ಬರೆದ ಹತ್ತು ಪುಟದಲ್ಲಿ ಅದು ಇತ್ತೇ? ಇರಲಿಲ್ಲವೆಂದೇ ನನ್ನ ಊಹೆ. ಮನೆಯ ಸಂಗತಿ ಅಸೈನ್‌ಮೆಂಟಿಗೆ ತಕ್ಕದ್ದಲ್ಲ ಎಂದು ಪಿಯುಸಿ ಮುಗಿಸಿದ ಮಕ್ಕಳು ನಂಬಿರುತ್ತಾರೆ. ಆ ಅರ್ಜಿ, ಅದರ ಸ್ವೀಕೃತಿ, ಸ್ಥಳ ನೋಡಲು ಬಂದ ದಿನಾಂಕ, ಹಣ ಬಂದಿದ್ದರೆ ಪಾಸ್‌ಬುಕ್ಕಿನ ನಮೂದು, ಇವೆಲ್ಲ ಪ್ರಾಥಮಿಕ ದಾಖಲೆ. ಸಂಶೋಧಕರು ಊರೂರು ಅಲೆದು ಹುಡುಕುವುದು ಇಂಥದ್ದನ್ನೇ. ಅದೊಂದೇ ಸಾಲದು, ಒಂದು ಮನೆಯ ಕಥೆ ತಾಲ್ಲೂಕಿನ ಕಥೆಯಾಗುವುದಿಲ್ಲ. ಮುಂದಿನ ಸಲ ಊರಿಗೆ ಬಂದಾಗ ಇನ್ನೂ ಐದಾರು ಮನೆಗೆ ಹೋಗಿ ಯಾವಾಗ ಹಾನಿಯಾಯಿತು, ಯಾವಾಗ ಅರ್ಜಿ ಕೊಟ್ಟರು, ಯಾವಾಗ ಹಣ ಬಂತು ಎಂದು ಕೇಳಿ ಬರೆದುಕೊಳ್ಳಲಿ. ಬರೆಯುವ ಮೊದಲು ಅವರ ಒಪ್ಪಿಗೆ ಕೇಳಲಿ, ಅಸೈನ್‌ಮೆಂಟಿನಲ್ಲಿ ಯಾರ ಹೆಸರನ್ನೂ ಹಾಕದೆ ‘ಮನೆ 1, ಮನೆ 2’ ಎಂದು ಬರೆಯಲಿ. ಆಮೇಲೆ ಆ ಲೆಕ್ಕವನ್ನು ವಿಧಾನಸಭೆಯ ಉತ್ತರದಲ್ಲಿ ಸಿಗುವ ಲೆಕ್ಕದ ಪಕ್ಕ ಇಟ್ಟು ನೋಡಲಿ.

ಅರ್ಜಿ, ಸ್ವೀಕೃತಿ ಮನೆಯಲ್ಲೇ ಇರಲಿ, ಅವಳ ಕೈಗೆ ಜೆರಾಕ್ಸ್ ಮಾತ್ರ ಕೊಡಿ. ಹಾಸ್ಟೆಲಿನಲ್ಲಿ ಕಾಗದ ಉಳಿಯುವುದಿಲ್ಲ.